ಕಂದು ಬಳೆ

ನಾಲ್ಕು ಮೈಕ್ರಾನಿನ ಪದರ,
ನನ್ನ ಉಸಿರಿಗೇ ಮಡಚಿಕೊಳ್ಳುತ್ತದೆ.
ಬೆಚ್ಚನೆ ನೀರಿನ ಮೇಲೆ ತೇಲಿಬಿಟ್ಟು
ಗಾಜಿನ ಪಟ್ಟಿಯಿಂದ ಎತ್ತಿಕೊಳ್ಳುತ್ತೇನೆ,
ಅವ್ವ ಹಾಲಿನ ಕೆನೆ ಎತ್ತುತ್ತಿದ್ದ ಹಾಗೆ.
ಇದು ಎರ್ರಿಸ್ವಾಮಿಯವರ ಶ್ವಾಸಕೋಶ.
ಎಡ ಮೇಲ್ಭಾಗ, ಬ್ಲಾಕ್ ಮುನ್ನೂರ ಹದಿನೇಳು.

ಹೊರಗೆ ಬಳ್ಳಾರಿಯ ಮೇ ತಿಂಗಳು.
ಕೋಟೆಗುಡ್ಡ ಒಂದೇ ಬಂಡೆಯಾಗಿ ಕಾದು ಕೂತಿದೆ.
ಫ್ರಿಜ್ಜಿನಿಂದ ತೆಗೆದ ಬಣ್ಣದ ಬಾಟಲಿ
ನಮಗಿಂತ ಮೊದಲು ಬೆವರುತ್ತದೆ.

ಕಂದು ಮೊದಲು: ಹತ್ತಿದರೆ ಉಂಟು, ಹತ್ತದಿದ್ದರೆ ಇಲ್ಲ.
ಆಮೇಲೆ ನೀಲಿ, ಎಲ್ಲಕ್ಕೂ, ಭೇದವಿಲ್ಲದೆ.

ಲೆನ್ಸಿನಡಿ
ಗಡ್ಡೆಯ ಕೋಶಗಳಿಗೆಲ್ಲ ಒಂದೊಂದು ಕಂದು ಬಳೆ,
ಸಂಡೂರಿನ ರಸ್ತೆಬದಿಯ ಎಲೆಗಳ ಅಂಚಿಗೆ
ಅದಿರಿನ ದೂಳು ಕೂತ ಹಾಗೆ.
ಗಡಿಯಾಚೆ ಸಾಸಿವೆ ಚೆಲ್ಲಿದಂತೆ
ಸಣ್ಣ ದುಂಡು ನೀಲಿ ಕೋಶಗಳು.
ಕಾವಲಿನವು. ಬಂದಿವೆ. ನೋಡಿವೆ.
ಏನೂ ಮಾಡಿಲ್ಲ.

"ನಿದ್ದಿ ಹತ್ತಿತ್ತೇನವಾ ಅವಕ್ಕ?"
ರಕ್ತ ಕೊಡಲು ಬಂದ ದಿನ ಕೇಳಿದ್ದರು,
ತೋಳು ಮಡಚಿ ಹತ್ತಿ ಒತ್ತಿಕೊಂಡು.
ಇಲ್ಲ, ಎಚ್ಚರ ಇವೆ, ಎಂದೆ.
ಇವು ಏನೋ ತೋರಿಸುತ್ತವೆ, ಅವು ನಂಬುತ್ತವೆ.
ಸುಮ್ಮನಾದರು. ಆಮೇಲೆ ನಕ್ಕರು,
ನಗು ಕೆಮ್ಮಾಗಿ ಮುಗಿಯಿತು.
"ಪರ್ಮಿಟ್ಟು," ಎಂದರು.

ಹನ್ನೊಂದು ವರ್ಷ ಅದಿರಿನ ಚೆಕ್‌ಪೋಸ್ಟಿನಲ್ಲಿ
ಅಡ್ಡಗಳ ಎತ್ತಿ ಇಳಿಸಿದ ಮನುಷ್ಯ.
"ಲಾರಿ ನಿಲ್ಲತಿತ್ತು. ಕಿಟಕ್ಯಾಗಿಂದ ಒಂದು ಕೈ ಬರತಿತ್ತು,
ಕೈಯಾಗ ಚೀಟಿ. ಸೀಲು ಐತಿ, ಸಹಿ ಐತಿ, ತಾರೀಕು ಐತಿ.
ಟಾರ್ಚು ಬಿಟ್ಟು ನೋಡತಿದ್ದೆ.
ಖರೇದಕ್ಕಿಂತ ಛಲೋ ಇರತಿತ್ತವಾ ಖೊಟ್ಟಿದು.
ಗಳ ಎತ್ತತಿದ್ದೆ.
ಒಂದಿನ ಬೆಳಿಗ್ಗೆ ನೋಡಿದ್ರ
ಗುಡ್ಡಕ್ಕ ಒಂದು ಮಗ್ಗಲಾನೇ ಇಲ್ಲ."

ಡಾಕ್ಟರ್ ತಬಸ್ಸುಮ್ ವಿವರಿಸಿದ್ದನ್ನು
ನನ್ನ ಮಾತಿನಲ್ಲಿ ಹೇಳಿದೆ:
ಈ ಔಷಧಿ ಗಡ್ಡೆಯನ್ನು ಮುಟ್ಟುವುದೂ ಇಲ್ಲ.
ಚಾಚಿದ ಆ ಕೈಗೂ ಈ ಕೈಗೂ ನಡುವೆ
ಹೋಗಿ ಕೂರುತ್ತದೆ, ಅಷ್ಟೆ.
ಚೀಟಿ ತಲುಪುವುದಿಲ್ಲ.

ಮೂರು ವಾರಕ್ಕೊಂದು ಬಾಟಲಿ.
ನಾಲ್ಕನೆಯದರ ಹೊತ್ತಿಗೆ ಸ್ಕ್ಯಾನಿನಲ್ಲಿ ಗಡ್ಡೆ
ನಿಂಬೆಯಿಂದ ಬಾರಿಹಣ್ಣಿಗೆ ಇಳಿದಿತ್ತು.
ಅಧ್ಯಯನದ ಪಟ್ಟಿಯಲ್ಲಿ ಇಪ್ಪತ್ತಮೂರನೆಯವರು;
ಆ ದಿನ ಇಡೀ ಲ್ಯಾಬು ಇಪ್ಪತ್ತಮೂರಕ್ಕೆ ಚಹಾ ಕುಡಿಯಿತು.

ಐದನೆಯದಕ್ಕೆ ಮೈತುಂಬ ದದ್ದು.
ಹೊಟ್ಟೆ ನಿಲ್ಲದು, ದಿನಕ್ಕೆ ಎಂಟು ಸಲ.
ಪಂಚೆ ಸಡಿಲಾಗಿ ಬೆಲ್ಟು ಕಟ್ಟಿಕೊಂಡು ಬಂದರು.
ಕಾವಲು ಈಗ ಮನೆಯವರನ್ನೂ ನಿಲ್ಲಿಸುತ್ತಿದೆ
ಎಂದೆ, ತಲೆ ತಗ್ಗಿಸಿ, ನಾನೇ ಮಾಡಿದವಳ ಹಾಗೆ.

"ಗೊತ್ತೈತಿ ಬಿಡವಾ. ಮ್ಯಾಲಿಂದ ಕಟ್ಟಪ್ಪಣಿ ಬಂದ ವರ್ಷ
ನಾವೂ ಹಂಗ ಆಗಿದ್ವಿ.
ಹಾಲಿನ ವ್ಯಾನು ಬಿಡಲಿಲ್ಲ. ದಿಬ್ಬಣ ಬಿಡಲಿಲ್ಲ.
ಒಂದು ರಾತ್ರಿ ಟೆಂಪೋದಾಗ ಬಸುರಿ ಹೆಂಗಸು.
ಚೀಟಿ ಎಲ್ಲಿ ಅಂದೆ, ನಾನು.
ಬಸುರಿಗೆ ಎಂಥಾ ಚೀಟಿ?"

ಆಕೆ ಏನಾದಳೆಂದು ಕೇಳಲಿಲ್ಲ.
ಅವರು ಹೇಳಲಿಲ್ಲ.
ಸೂಜಿ ಚುಚ್ಚಿದ ಜಾಗ ಹತ್ತಿಯಡಿ ಒಣಗಿತ್ತು.

ಈಗ ಬಾಟಲಿ ನಿಂತಿದೆ, ಸ್ಟೀರಾಯ್ಡ್ ಮಾತ್ರೆ ನಡೆದಿದೆ:
ಎದ್ದವರನ್ನು ಕೊಂಚ ಕೂಡಿಸುವ ಮಾತ್ರೆ.
ಎಷ್ಟು ಕೂಡಿಸಬೇಕು, ಎಷ್ಟು ಎಬ್ಬಿಸಬೇಕು,
ಯಾವ ಪುಸ್ತಕದಲ್ಲೂ ಇಪ್ಪತ್ತಮೂರರ ಲೆಕ್ಕವಿಲ್ಲ.

ಹೊಸ ತುಂಡು ಬಂದಿದೆ, ಅಗಸೆಬೀಜದಷ್ಟು.
ಮತ್ತೆ ಕಂದು, ಮತ್ತೆ ನೀಲಿ.
ಸಾಸಿವೆ ಒಳಗೆ ನುಗ್ಗಿದೆ,
ಬಳೆಗಳು ಅಲ್ಲಲ್ಲಿ ಚೂರಾಗಿವೆ.
ಫಾರ್ಮಲಿನ್ ಕುಡಿದು ಎಲ್ಲರೂ ನಿಂತಲ್ಲೇ ನಿಂತಿದ್ದಾರೆ;
ಮುಂದಿನ ಕ್ಷಣ ಯಾರ ಕೈ ಯಾರ ಮೇಲೆ ಬೀಳುತ್ತಿತ್ತೋ
ಈ ಬಣ್ಣಗಳು ಹೇಳುವುದಿಲ್ಲ.
ಎಣಿಸುತ್ತೇನೆ. ಕರೆಂಟು ಹೋಗಿ ಲೆಕ್ಕ ತಪ್ಪುತ್ತದೆ.

ಕಾರಿಡಾರಿನಲ್ಲಿ ಅವರು,
ವಾರ್ಡಿನ ಬಾಗಿಲ ಪಕ್ಕದ ಬೆಂಚಿನ ಮೇಲೆ,
ಒಳಹೋಗುವವರ ಪಾಸುಗಳನ್ನು
ಕಣ್ಣು ಕಿರಿದು ಮಾಡಿ ಓದುತ್ತಿದ್ದಾರೆ.
ಯಾರನ್ನೂ ತಡೆಯುತ್ತಿಲ್ಲ.
ಬರೀ ಓದುತ್ತಿದ್ದಾರೆ.